ಪಿಎಚ್.ಡಿ. ಸೀಟಿಗೆ ನಾನೆಷ್ಟಾಣೆ

ಮೊನ್ನೆ ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲವೆಂದು ಬೇಡದ ಫೈಲುಗಳನ್ನು ಅಳಿಸುತ್ತ ಕೂತಿದ್ದೆ. ಹಳೆಯ ಪ್ರಶ್ನೆಪತ್ರಿಕೆಗಳು, ಯಾರದೋ ಮದುವೆಯ ಆಮಂತ್ರಣ, ಒಂದೇ ಆಧಾರ್ ಕಾರ್ಡಿನ ಹನ್ನೊಂದು ಪ್ರತಿ, ಇವುಗಳ ನಡುವೆ 'ಚಾನ್ಸ್ ಫೈನಲ್ ಖರೇ ಫೈನಲ್' ಎಂಬ ಹೆಸರಿನ ಎಕ್ಸೆಲ್ ಹಾಳೆಯೊಂದು ಸಿಕ್ಕಿತು. ತೆರೆದೆ. ತೆರೆಯಬಾರದಿತ್ತು. ಎರಡು ವರ್ಷದ ಹಿಂದಿನ ನನ್ನ ಬುದ್ಧಿವಂತಿಕೆ ಸಾಲುಸಾಲಾಗಿ, ಬಣ್ಣಬಣ್ಣದ ಚೌಕಗಳಲ್ಲಿ ನನ್ನನ್ನೇ ನೋಡುತ್ತಿತ್ತು. ಬಯೋಸ್ಟ್ಯಾಟಿಸ್ಟಿಕ್ಸ್ ಪಿಎಚ್.ಡಿ.ಗೆ ಐದು ಕಡೆ ಅರ್ಜಿ ಹಾಕಿದ್ದೆನಲ್ಲ, ಅದರಲ್ಲಿ ಎಲ್ಲೆಲ್ಲಿ ಸೀಟು ಸಿಗುವ ಸಂಭವ ಎಷ್ಟೆಷ್ಟು ಎಂಬ ಲೆಕ್ಕ ಅದು. ಅರ್ಜಿ ಬರೆಯಲು ನಾನು ತೆಗೆದುಕೊಂಡದ್ದು ನಾಲ್ಕು ದಿನ. ಆ ಅರ್ಜಿಯನ್ನು ಅವರು ಒಪ್ಪುತ್ತಾರೋ ಇಲ್ಲವೋ ಎಂದು ಲೆಕ್ಕ ಹಾಕಲು ತೆಗೆದುಕೊಂಡದ್ದು ಪೂರ್ತಿ ಎರಡು ತಿಂಗಳು.

ಆಗ ನಾನು ಗೋಕಾಕದ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷದಿಂದ ಅತಿಥಿ. ಯಾರ ಮನೆಯಲ್ಲಾದರೂ ಒಂಬತ್ತು ವರ್ಷ ಅತಿಥಿಯಾಗಿ ಉಳಿದರೆ ಆ ಮನೆಯವರು ಒಂದೋ ಹೊರಗೆ ಹಾಕುತ್ತಾರೆ, ಇಲ್ಲವೇ ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸುತ್ತಾರೆ. ನನಗೆ ಎರಡೂ ಆಗಿರಲಿಲ್ಲ. ಪ್ರತಿ ಜೂನ್ ತಿಂಗಳಲ್ಲಿ 'ಈ ವರ್ಷ ಕರೀತಾರೋ ಇಲ್ಲೋ' ಎಂದು ಕಾಯುವುದು, ಕರೆದ ಕೂಡಲೇ ಹೊಸ ಸೀರೆಯುಟ್ಟು ಅದೇ ಹಳೇ ಹಲಗೆಯ ಮುಂದೆ ನಿಂತು ಸರಾಸರಿ ಎಂದರೇನು ಎಂದು ಶುರು ಮಾಡುವುದು. ಸರಾಸರಿ ಎಂದರೇನು ಎಂದು ನನ್ನಷ್ಟು ಸಲ ಹೇಳಿದವರು ಗೋಕಾಕ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಹೇಳಿ ಹೇಳಿ ನಾನೂ ಅದೇ ಆಗಿಬಿಟ್ಟೇನೆ ಎಂಬ ಭಯ ಮೂವತ್ತನಾಲ್ಕನೆಯ ವಯಸ್ಸಿಗೆ ಹಿಡಿದುಕೊಂಡಿತು.

ಈ ಬಯೋಸ್ಟ್ಯಾಟಿಸ್ಟಿಕ್ಸ್ ಹುಚ್ಚು ಹತ್ತಿದ್ದು ಹುಕ್ಕೇರಿಯಲ್ಲಿ. ಒಂದು ಬೇಸಿಗೆ ರಜೆಯಲ್ಲಿ ಹುಕ್ಕೇರಿ ತಾಲೂಕಿನ ಹಳ್ಳಿಗಳಲ್ಲಿ ನಡೆದ ಆರೋಗ್ಯ ಸಮೀಕ್ಷೆಗೆ ಲೆಕ್ಕ ನೋಡಿಕೊಳ್ಳಲು ಹೋಗಿದ್ದೆ. ಮನೆಮನೆಗೆ ಹೋಗಿ ವಯಸ್ಸು, ತೂಕ, ರಕ್ತದೊತ್ತಡ ಬರೆದುಕೊಳ್ಳುವುದು. ಒಂದು ಮನೆಯ ಅಜ್ಜಿಯನ್ನು ವಯಸ್ಸೆಷ್ಟು ಎಂದು ಕೇಳಿದೆ.

"ಬರ್ಕೋ, ಅರವತ್ತು" ಎಂದಳು.

"ಮಗನಿಗೆ?"

"ಅವಗೂ ಅರವತ್ತ ಬರಿ. ಅವಗ ಯಾಕ ಕಡಿಮಿ ಮಾಡತಿ?"

ಸಂಜೆ ಕೂತು ನೋಡಿದರೆ ಊರಿಗೆ ಊರೇ ನಲವತ್ತು, ಐವತ್ತು, ಅರವತ್ತು. ನಲವತ್ತೇಳು ವರ್ಷದವರು ಒಬ್ಬರೂ ಇಲ್ಲ. ರಕ್ತದೊತ್ತಡವೂ ಹಾಗೇ, ಎಲ್ಲವೂ ಸೊನ್ನೆಗೇ ಮುಗಿಯುತ್ತಿತ್ತು. ನನ್ನ ಜೊತೆಯವರು ಬೇಸರಪಟ್ಟುಕೊಂಡರು. ನನಗೆ ಮಾತ್ರ ಖುಷಿಯೋ ಖುಷಿ. ಜನ ಹೇಳುವ ಅಂಕಿಗೂ ನಿಜದ ಅಂಕಿಗೂ ನಡುವೆ ಎಷ್ಟು ಅಂತರವಿದೆ, ಅದನ್ನು ಹೇಗೆ ಹಿಡಿಯುವುದು ಎಂದು ಯೋಚಿಸುತ್ತ ಊಟ ಮರೆತೆ. ಹುಡುಕಿದಾಗ ಇದನ್ನೇ ಕೆಲಸ ಮಾಡಿಕೊಂಡವರು ಜಗತ್ತಿನಲ್ಲಿದ್ದಾರೆ, ಅದಕ್ಕೊಂದು ಹೆಸರಿದೆ, ಪಿಎಚ್.ಡಿ.ಯೂ ಇದೆ ಎಂದು ತಿಳಿಯಿತು. ಅವತ್ತಿನಿಂದ ನನಗೆ ಆ ಸೀಟು ಬೇಕಾಗಿತ್ತು. ಚಿಕ್ಕಂದಿನಲ್ಲಿ ಜಾತ್ರೆಯ ಬಳೆ ಬೇಕೆಂದು ನೆಲಕ್ಕೆ ಕೂತು ಅಳುತ್ತಿದ್ದೆನಲ್ಲ, ಹಾಗೆ ಬೇಕಾಗಿತ್ತು. ದೊಡ್ಡವಳಾಗಿದ್ದೆನೆಂದು ನೆಲಕ್ಕೆ ಕೂರಲಿಲ್ಲ, ಅಷ್ಟೆ.

ಅವ್ವನಿಗೆ ಇದನ್ನು ತಿಳಿಸಿ ಹೇಳಲು ಹೋಗಿ ಸೋತಿದ್ದೂ ಉಂಟು. "ಔಷಧ ಖರೇನ ಕೆಲಸ ಮಾಡತೈತೋ ಇಲ್ಲೋ ಅಂತ ಲೆಕ್ಕಾ ಹಾಕಿ ಹೇಳೂದವ್ವ" ಎಂದೆ. "ಅದನ್ನ ಗುಳಗಿ ತಗೊಂಡಾಕಿಗೆ ಕೇಳಿದ್ರ ಆತಲ್ಲ" ಎಂದು ಅವ್ವ ರೊಟ್ಟಿ ಬಡಿಯಲು ಎದ್ದುಹೋದಳು. ಇಡೀ ಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಆಕ್ಷೇಪಣೆಯನ್ನು ನಾನು ಇನ್ನೂ ಕೇಳಿಲ್ಲ.

ಈಗ ನನ್ನ ಅಪ್ಪನ ಬಗ್ಗೆ ಹೇಳಲೇಬೇಕು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ನಮ್ಮದು ಹೊಲಮನೆ. ನಮ್ಮ ಕಡೆ ಬೆಳೆಯನ್ನು ಆಣೆಯಲ್ಲಿ ಅಳೆಯುತ್ತಾರೆ. ಆಣೆಯ ನಾಣ್ಯ ಹೋಗಿ ಎಷ್ಟೋ ಕಾಲವಾಯಿತು, ನಾನು ಕಣ್ಣಿಂದ ಕಂಡಿಲ್ಲ. ಆದರೆ ಹೊಲದಲ್ಲಿ ಅದು ಇನ್ನೂ ನಡೆಯುತ್ತದೆ. ಬೆಳೆ ಪೂರ್ತಿ ಬಂದರೆ ಹದಿನಾರಾಣೆ, ಅರ್ಧ ಬಂದರೆ ಎಂಟಾಣೆ. ಇದಕ್ಕೆ ಆಣೆವಾರಿ ಎಂದು ಹೆಸರು. ಸರ್ಕಾರದವರು ಬೆಳೆ ನೋಡಲು ಬಂದಾಗ ಊರ ಪಂಚರಲ್ಲಿ ಒಬ್ಬನಾಗಿ ಅಪ್ಪನನ್ನು ಕರೆದೊಯ್ಯುತ್ತಿದ್ದರು. ಅಪ್ಪ ಬದುವಿನ ಮೇಲೆ ನಿಂತು, ಎರಡು ಜೋಳದ ತೆನೆ ಮುರಿದು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದ. ಆಮೇಲೆ "ಒಂಬತ್ತಾಣೆ" ಎನ್ನುತ್ತಿದ್ದ. ರಾಶಿ ಆದಮೇಲೆ ನೋಡಿದರೆ ಅಲ್ಲಿಂದಲ್ಲಿಗೆ ಸರಿ ಇರುತ್ತಿತ್ತು. ನಾನು ಎಂ.ಎಸ್ಸಿ.ಯಲ್ಲಿ ಎರಡು ವರ್ಷ ಕಲಿತದ್ದನ್ನು ಅಪ್ಪ ನಾಲ್ಕು ಕಾಳಿನಲ್ಲಿ ಮುಗಿಸುತ್ತಿದ್ದ.

ಈ ಚಟ ಹೊಲಕ್ಕೇ ನಿಲ್ಲಲಿಲ್ಲ. ಅಪ್ಪನಿಗೆ ಜಗತ್ತೆಲ್ಲ ಆಣೆಯಲ್ಲೇ ಕಾಣುತ್ತಿತ್ತು. ಅವ್ವ ಮಾಡಿದ ಸಾರು ಹನ್ನೊಂದಾಣೆ, ಎಲೆಕ್ಷನ್ನಿಗೆ ನಿಂತವರು ಎರಡಾಣೆ, ಮೂರಾಣೆ, ನನ್ನನ್ನು ನೋಡಲು ಬಂದ ಒಬ್ಬ ವರ ಎಂಟಾಣೆ, ಅವನ ತಾಯಿ ಒಂದಾಣೆ. ಹದಿನಾರಾಣೆಯನ್ನು ಮಾತ್ರ ಅಪ್ಪ ಯಾವುದಕ್ಕೂ ಯಾರಿಗೂ ಕೊಟ್ಟಿದ್ದನ್ನು ನಾನು ಕಂಡಿಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೇರೆಯವರ ಹೊಲವನ್ನು ಇದ್ದದ್ದು ಇದ್ದಂತೆ ಹೇಳಬೇಕು. ತನ್ನ ಹೊಲವನ್ನು ಹಾಗೆ ಹೇಳಬಾರದು. ಎದೆಯೆತ್ತರ ಬೆಳೆ ನಿಂತಿದ್ದರೂ "ಹೆಂಗೈತ್ರಿ ಬೆಳಿ?" ಎಂದು ಕೇಳಿದರೆ "ಐತ್ರಿ, ಏನೋ ಒಂದ ಎಂಟಾಣೆ" ಎನ್ನಬೇಕು. ದೃಷ್ಟಿಯಾಗುತ್ತದಲ್ಲ! ಕೇಳಿದವರೂ ಮೂರ್ಖರಲ್ಲ. ಅವರು ಎಂಟಕ್ಕೆ ಇನ್ನೊಂದು ಆರು ಕೂಡಿಸಿಕೊಂಡು ಹದಿನಾಲ್ಕೆಂದು ತಿಳಿದು ಮುಂದೆ ಹೋಗುತ್ತಾರೆ. ಹೇಳುವವರು ಇಳಿಸಿ ಹೇಳುವುದು, ಕೇಳುವವರು ಏರಿಸಿಕೊಳ್ಳುವುದು. ಮಕ್ಕಳ ವಿಷಯದಲ್ಲೂ ಇದೇ ಕಾಯಿದೆ. ಹತ್ತನೆಯ ತರಗತಿಯಲ್ಲಿ ನಾನು ಗಣಿತದಲ್ಲಿ ಶಾಲೆಗೇ ಮೊದಲು ಬಂದಾಗ ಊರವರೆಲ್ಲ ಕೇಳಿದರು. ಅಪ್ಪ ಪೇಡೆ ಹಂಚುತ್ತ "ಏನೋ, ಪಾಸಾಗ್ಯಾಳ್ರಿ" ಎಂದ. ಎಲ್ಲರೂ ಪೇಡೆಯ ಗಾತ್ರ ನೋಡಿ ಕೂಡಿಸಿಕೊಂಡರು.

ಕೂಡಿಸಿಕೊಳ್ಳದೆ ಉಳಿದವಳು ನಾನೊಬ್ಬಳೇ. ಅದು ದೊಡ್ಡವರ ವಿದ್ಯೆ, ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು 'ಏನೋ ಪಾಸಾಗ್ಯಾಳ' ಎಂಬುದನ್ನು ಕೇಳಿಸಿಕೊಂಡು, ಓಹೋ ನಾನು ಏನೋ ಪಾಸಾಗಿದ್ದೇನೆ ಎಂದುಕೊಂಡೆ. ಅವತ್ತು ಬಹಳ ಅತ್ತಿದ್ದೆ. ಮೂವತ್ತನಾಲ್ಕಾದರೂ ಆ ಮಾತು ಒಳಗಿಂದ ಹೋಗಿರಲಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳಿದ್ದೇನೆ.

ಸರಿ, ಎಕ್ಸೆಲ್ ಹಾಳೆಗೆ ಬರೋಣ. ಐದು ಸಂಸ್ಥೆ. ಒಂದೊಂದಕ್ಕೂ ಒಂದು ಸಾಲು. ಎಷ್ಟು ಸೀಟು, ಎಷ್ಟು ಜನ ಅರ್ಜಿ ಹಾಕಿರಬಹುದು, ನನ್ನ ಅಂಕ, ನನ್ನ ವಯಸ್ಸು, ಹುಕ್ಕೇರಿಯ ಅಜ್ಜಿಯಂದಿರ ಮೇಲೆ ನಾನು ಬರೆದ ಪುಟ್ಟ ಲೇಖನ, ಎಲ್ಲಕ್ಕೂ ಒಂದೊಂದು ತೂಕ. ಸೊಸೆ ಆರಿಸುವವರೂ ಅಷ್ಟು ಕಾಲಂ ಹಾಕಿರಲಿಕ್ಕಿಲ್ಲ. ಗುಣಿಸಿ ಭಾಗಿಸಿ ನೋಡಿದರೆ ಒಂದೊಂದು ಕಡೆ ಸಿಗುವ ಸಂಭವ ಸುಮಾರು ನೂರಕ್ಕೆ ಇಪ್ಪತ್ತು. ಐದರಲ್ಲಿ ಕನಿಷ್ಠ ಒಂದು ಕಡೆಯಾದರೂ ಸಿಗುವುದು ನೂರಕ್ಕೆ ಅರವತ್ತೇಳು. ಆ ಚೌಕಕ್ಕೆ ಹಸಿರು ಬಣ್ಣ ತುಂಬಿ, ದಪ್ಪ ಅಕ್ಷರ ಮಾಡಿ, ನಮ್ಮ ಕಾಲೇಜಿನ ಕಂಪ್ಯೂಟರ್ ಉಪನ್ಯಾಸಕಿ ರೇಷ್ಮಾಳಿಗೆ ತೋರಿಸಿದೆ. ರೇಷ್ಮಾ ನನಗಿಂತ ಎಂಟು ವರ್ಷ ಚಿಕ್ಕವಳು, ನನ್ನ ಗೆಳತಿ, ನನ್ನ ಹುಚ್ಚಾಟಗಳಿಗೆಲ್ಲ ಸಾಕ್ಷಿ.

"ಅಕ್ಕಾ, ಇಷ್ಟ ಸಾಕಾಗೂದಿಲ್ಲ. ಇಂಟರ್ನೆಟ್ಟಿನಾಗ ಕೇಳಬೇಕ" ಎಂದಳು. ಪಿಎಚ್.ಡಿ. ಸೀಟಿಗಾಗಿ ಕಾಯುವವರು ತಮ್ಮ ಅಂಕ, ಅನುಭವ ಎಲ್ಲ ಬರೆದು 'ನನ್ನ ಚಾನ್ಸ್ ಎಷ್ಟು?' ಎಂದು ಅಪರಿಚಿತರನ್ನು ಕೇಳುವ ಒಂದು ತಾಣವಿದೆಯಂತೆ. ಬರೆದೆ. ಒಬ್ಬ 'ಪರವಾಗಿಲ್ಲ' ಎಂದ. ಇನ್ನೊಬ್ಬ 'ಮೊದಲು ಇನ್ನಷ್ಟು ಲೇಖನ ಪ್ರಕಟಿಸು' ಎಂದ. ಮೂರನೆಯವನು 'ಗೋಕಾಕ ಅಂದರೆ ಕರದಂಟಿನ ಊರಲ್ಲವೇ, ಕಳಿಸುತ್ತೀರಾ?' ಎಂದು ಕೇಳಿದ. ಖಚಿತವಾಗಿ ಮಾತಾಡಿದವನು ಅವನೊಬ್ಬನೇ.

ಭಾನುವಾರ ಊರಿಗೆ ಹೋದಾಗ ಅಪ್ಪನನ್ನೂ ಕೇಳಿದೆ. ಅಪ್ಪ ಕಬ್ಬಿನ ಗದ್ದೆಗೆ ನೀರು ತಿರುಗಿಸುತ್ತಿದ್ದ.

"ಅಪ್ಪಾ, ನನಗ ಸೀಟ ಸಿಗೂದು ಎಷ್ಟಾಣೆ?"

ಅಪ್ಪ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದ. ಬಾಯಿಗೆ ಹಾಕಿಕೊಳ್ಳಲು ಕಾಳಿರಲಿಲ್ಲ. "ನಾಕಾಣೆ" ಎಂದ.

"ನನ್ನ ಲೆಕ್ಕದಾಗ ಹನ್ನೊಂದಾಣೆ ಬಂದೈತಿ."

"ನಿನ್ನ ಲೆಕ್ಕ ನೀ ಮಾಡೀದಿ. ಹೊಲದಾವ್ರ ತಮ್ಮ ಆಣೆವಾರಿ ತಾವ ಮಾಡಬಾರದು" ಎಂದು ಅಪ್ಪ ಗುದ್ದಲಿ ಎತ್ತಿಕೊಂಡ. ನನಗೆ ಸಿಟ್ಟು ಬಂತು. ಇಷ್ಟು ಓದಿದವಳಿಗೆ ನಾಲ್ಕಾಣೆ! ಆ ವಾರ ಅಪ್ಪನಿಗೆ ಫೋನ್ ಮಾಡಲಿಲ್ಲ.

ಐದೂ ಕಡೆಯಿಂದ 'ಇಲ್ಲ' ಬಂತು. ಒಂದರ ಹಿಂದೆ ಒಂದು, ಮೂರು ವಾರದಲ್ಲಿ. ಬೇರೆ ರಾಜ್ಯದ ಒಂದು ದೊಡ್ಡ ವೈದ್ಯಕೀಯ ಸಂಸ್ಥೆಯವರು ಮಾತ್ರ ಕೊನೆಯಲ್ಲಿ 'ಮುಂದಿನ ವರ್ಷ ಮತ್ತೆ ಪ್ರಯತ್ನಿಸಿ' ಎಂದು ಒಂದು ಸಾಲು ಸೇರಿಸಿದ್ದರು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೆಂದರೆ, ರೇಷ್ಮಾ "ಅಕ್ಕಾ, ಅದು ಎಲ್ಲಾರಿಗೂ ಹೋಗಿರತೈತಿ" ಎನ್ನಬೇಕಾಯಿತು.

ಎಲ್ಲಿ ತಪ್ಪಿತು ಎಂದು ತಿಳಿದದ್ದು ಮೂಡಲಗಿಯಲ್ಲಿ. ಅಲ್ಲಿ ಹಳ್ಳೂರ ಸರ್ ಇದ್ದಾರೆ. ಬಿ.ಎಸ್ಸಿ.ಯಲ್ಲಿ ನನಗೆ ಸಂಖ್ಯಾಶಾಸ್ತ್ರ ಕಲಿಸಿದವರು, ಈಗ ನಿವೃತ್ತರು, ಎರಡು ಎಮ್ಮೆ ಕಟ್ಟಿಕೊಂಡು ಹಾಯಾಗಿದ್ದಾರೆ. ಐದೂ ಅರ್ಜಿಗೆ ಶಿಫಾರಸು ಪತ್ರ ಕೊಟ್ಟವರು ಅವರೇ. ಸುದ್ದಿ ಹೇಳಿ ಬರೋಣವೆಂದು ಬಸ್ಸು ಹತ್ತಿ ಹೋದೆ. ಸರ್ ಬಹಳ ನೊಂದುಕೊಂಡರು.

"ಹಂಗ ಹೆಂಗವ್ವಾ? ನಾ ಭಾಳ ಚೊಲೋ ಬರದಿದ್ನಲ್ಲ. ಫಾರ್ಮಿನಾಗ ಮನಿ ಇದ್ದೂವು ನೋಡು. ಈ ವಿದ್ಯಾರ್ಥಿ ನಿಮ್ಮ ಎಲ್ಲಾ ವಿದ್ಯಾರ್ಥಿಗಳೊಳಗ ನೂರಕ್ಕ ಮ್ಯಾಲಿನ ಎರಡರಾಗೋ, ಐದರಾಗೋ, ಹತ್ತರಾಗೋ, ಇಪ್ಪತ್ತೈದರಾಗೋ ಅಂತ. ನಾ ನಿನ್ನ ಇಪ್ಪತ್ತೈದರಾಗ ಹಾಕೀನಿ."

ನನಗೆ ಕುರ್ಚಿ ತಿರುಗಿದಂತಾಯಿತು. "ಇಪ್ಪತ್ತೈದರಾಗ ಯಾಕ್ರಿ ಸರ್?"

"ಮತ್ತ? ನಮ್ಮ ಹುಡುಗಿನ್ನ ನಾವ ಎರಡರಾಗ ಅಂತ ಹೇಳೂದು ಚೊಲೋ ಕಾಣಸ್ತೈತೇನು? ಓದಿದವರು ತಿಳ್ಕೋತಾರ. ಪತ್ರದಾಗೂ 'ತಕ್ಕಮಟ್ಟಿಗೆ ಪರಿಶ್ರಮಿ' ಅಂತ ಬರದೇನಿ. ಮೂವತ್ತ ವರ್ಷದ ಸರ್ವಿಸಿನಾಗ 'ತಕ್ಕಮಟ್ಟಿಗೆ' ಅಂತ ನಾ ಮೂರ ಮಂದಿಗಷ್ಟ ಬರದೇನಿ."

ಅವರ ಮುಖದಲ್ಲಿ ಹೆಮ್ಮೆಯಿತ್ತು. ಇಡೀ ಘಟಪ್ರಭೆಯ ಎರಡೂ ದಂಡೆಯ ಜನ ಆ ಪತ್ರ ಓದಿದ್ದರೆ, ಅಬ್ಬಾ ಎಂಥ ಹುಡುಗಿ ಎಂದು ಕೂಡಿಸಿಕೊಳ್ಳುತ್ತಿದ್ದರು. ಆಯ್ಕೆ ಸಮಿತಿಯವರಿಗೆ ಕೂಡಿಸಿಕೊಳ್ಳಬೇಕೆಂದು ಯಾರೂ ಹೇಳಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಇನ್ನೊಂದು ತಪ್ಪು ಹೊಳೆಯಿತು. ಅದು ಸರ್ ಮಾಡಿದ್ದಲ್ಲ, ಅಪ್ಪಟ ನನ್ನದು. ಐದು ಸಂಸ್ಥೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ತೀರ್ಮಾನಿಸುತ್ತವೆ ಎಂದುಕೊಂಡು ನಾನು ಆ ಅರವತ್ತೇಳನ್ನು ತೆಗೆದಿದ್ದೆ. ಆದರೆ ಐದೂ ಕಡೆ ಹೋದದ್ದು ಒಂದೇ ಪತ್ರ! ಐದು ಹೊಲಕ್ಕೆ ಒಂದೇ ಕಾಲುವೆಯ ನೀರಿದ್ದು, ಕಾಲುವೆಯ ಬಾಗಿಲು ಮುಚ್ಚಿದರೆ ಐದೂ ಒಣಗುತ್ತವೆ. ಇದನ್ನು ನಾನು ಎರಡನೆಯ ವರ್ಷದ ಮಕ್ಕಳಿಗೆ ಒಂಬತ್ತು ವರ್ಷದಿಂದ ಕಲಿಸುತ್ತಿದ್ದೆ. ತಪ್ಪು ಮಾಡಿದವರ ಅಂಕ ಕತ್ತರಿಸಿದ್ದೇನೆ. ಕಂಡಕ್ಟರ್ "ಎಲ್ಲಿಗ್ರಿ ಅಕ್ಕಾರ?" ಎಂದು ಕೇಳಿದರೆ, ಮುಖ ನೋಡುವ ಧೈರ್ಯವಿಲ್ಲದೆ ಕಿಟಕಿಗೆ ಹೇಳಿದೆ.

ಗೋಕಾಕಕ್ಕೆ ಬಂದು ರೇಷ್ಮಾಳ ಮುಂದೆ ಸರ್ ಮೇಲೆ ಹರಿಹಾಯ್ದೆ. ಅವಳು ನಡುವೆ ಬಾಯಿ ಹಾಕದೆ ಎಲ್ಲ ಕೇಳಿಸಿಕೊಂಡು, ನಾನೇ ಬರೆದಿದ್ದ ಉದ್ದೇಶ ಪತ್ರವನ್ನು ತೆರೆದು ಜೋರಾಗಿ ಓದಿದಳು. 'ನನಗೆ ಸಂಖ್ಯಾಶಾಸ್ತ್ರದಲ್ಲಿ ಅಲ್ಪಸ್ವಲ್ಪ ತಿಳಿವಳಿಕೆ ಇದೆ.' 'ಹುಕ್ಕೇರಿಯಲ್ಲಿ ಒಂದು ಚಿಕ್ಕ ಕೆಲಸ ಮಾಡಿದ್ದೇನೆ, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.' ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು.

"ಅಕ್ಕಾ, ನೀನ ಇದನ್ನ ಓದಿದ್ರ ಸೀಟ ಕೊಡತಿದ್ದೇನು?"

ಕೊಡುತ್ತಿರಲಿಲ್ಲ. ಅರ್ಜಿಯ ಫೋಟೋ ನೋಡಿ ಪಾಪ ಎಂದುಕೊಳ್ಳುತ್ತಿದ್ದೆ.

ಮುಂದಿನ ವರ್ಷ ಆ ವೈದ್ಯಕೀಯ ಸಂಸ್ಥೆಯೊಂದಕ್ಕೇ ಅರ್ಜಿ ಹಾಕುವುದೆಂದು ನಿರ್ಧರಿಸಿದೆ. ಈ ಸಲವೂ ಆಗದಿದ್ದರೆ ಮತ್ತೆ ಹಾಕುವುದಿಲ್ಲ, ಸರಾಸರಿ ಎಂದರೇನು ಎಂದು ಹೇಳುತ್ತ ಇಲ್ಲೇ ಮುದುಕಿಯಾಗುತ್ತೇನೆ ಎಂದು ಒಳಗೊಳಗೇ ಆಣೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ. ಎಕ್ಸೆಲ್ ಹಾಳೆ ತೆರೆಯಲಿಲ್ಲ. ಅಪ್ಪನನ್ನು ಮಾತ್ರ ತಡೆಯಲಾರದೆ ಕೇಳಿದೆ. "ಬೆಳಿ ನಿಂತಾಗ ಹೇಳಬಾರದು, ಹೋಗು" ಎಂದು ಅಪ್ಪ ಜಾರಿಕೊಂಡ.

ಆದರೆ ಸರ್ ಹತ್ತಿರ ಹೋಗಿ 'ನನ್ನನ್ನು ಹೊಗಳಿ' ಎಂದು ಕೇಳುವುದು ಹೇಗೆ? ನಮ್ಮ ಕಡೆ ಸಾಲ ಕೇಳಬಹುದು, ಹೆಣ್ಣು ಕೇಳಬಹುದು, ಹೊಗಳಿಕೆ ಕೇಳಿದವರನ್ನು ನಾನು ಕಂಡಿಲ್ಲ. ಮೂಡಲಗಿಯ ಬಸ್ ನಿಲ್ದಾಣದಿಂದ ಸರ್ ಮನೆಯವರೆಗೆ ಎರಡು ಸಲ ಹೋಗಿ ಎರಡು ಸಲ ತಿರುಗಿ ಬಂದೆ. ಮೂರನೆಯ ಸಲ ಅವರ ಎಮ್ಮೆಯೇ ನನ್ನನ್ನು ಗುರುತು ಹಿಡಿದು ಕೂಗಿದ್ದರಿಂದ ಒಳಗೆ ಹೋಗಬೇಕಾಯಿತು.

ವಿಷಯ ಹೇಳಿದೆ. ಸರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಮೊಬೈಲಿನಲ್ಲಿ ಫಾರ್ಮ್ ತೆರೆದು ಒಂದು ಬೆರಳನ್ನು ಮೇಲಿನ ಮನೆಯ ಹತ್ತಿರ ತಂದು ನಿಲ್ಲಿಸಿದರು.

"ನಿನ್ನ ಮುಂದ ಕುಂದರಿಸಿಕೊಂಡು ಇದನ್ನ ಒತ್ತಾಕ ನನಗ ಆಗೂದಿಲ್ಲವ್ವ. ನೀ ಎಮ್ಮಿ ನೋಡ್ಕೊಂತ ಹೊರಗ ನಿಂದರು."

ಎದ್ದು ಕೊಟ್ಟಿಗೆಯ ಬಾಜೂ ನಿಂತೆ. ಒಳಗಿಂದ ಸರ್ ದನಿ ಕೇಳಿಸಿತು. "ಐದರಾಗ ಹಾಕಿದ್ರ ನಡ್ಯೂದಿಲ್ಲೇನು?" ಎಂದು ಯಾರನ್ನೋ ಕೇಳುತ್ತಿದ್ದರು. ಅಡುಗೆಮನೆಯಿಂದ ಅವರ ಹೆಂಡತಿ, ನಮ್ಮ ಅಮ್ಮಾವರು, ಹೊರಬಂದಂತೆ ಬಳೆಗಳ ಸದ್ದಾಯಿತು.

"ಏನ ಐದು? ಎರಡರಾಗ ಹಾಕ್ರಿ! ಅಂಥಾ ಹುಡುಗಿ ನನ್ನ ಕ್ಲಾಸಿನಾಗ ಮತ್ತ ಬರಲೇ ಇಲ್ಲ, ಬರಲೇ ಇಲ್ಲ ಅಂತ ಹದಿನೈದ ವರ್ಷಾತು ನನ್ನ ತಲಿ ತಿಂದೀರಿ. ನನ್ನ ಮುಂದ ಹೇಳಿದ್ದನ್ನ ಅವರಿಗೆ ಹೇಳಾಕ ಏನ ಧಾಡಿ ನಿಮಗ?"

ನಾನು ಎಮ್ಮೆಯ ಕೊಂಬು ಹಿಡಿದುಕೊಂಡು ನಿಂತೆ. ಹದಿನೈದು ವರ್ಷ! ನನಗೆ ಒಂದು ದಿನವಾದರೂ 'ಚೊಲೋ ಮಾಡಿದಿ' ಎಂದು ಹೇಳದ ಮನುಷ್ಯ, ನನ್ನ ಉತ್ತರಪತ್ರಿಕೆಯನ್ನು ಕೊಡುವಾಗ 'ಹೂಂ' ಎಂದಷ್ಟೇ ಅನ್ನುತ್ತಿದ್ದ ಮನುಷ್ಯ! ಖುಷಿಯಾಗಬೇಕಿತ್ತು, ಆಯಿತು. ಅದರ ಜೊತೆಗೇ ಒಂಥರ ಕೋಪವೂ ಬಂತು. ಇಪ್ಪತ್ತನೆಯ ವಯಸ್ಸಿನಲ್ಲಿ ಇದನ್ನು ಕೇಳಿದ್ದರೆ ನಾನು ಇಷ್ಟು ತಡವಾಗಿ ಅರ್ಜಿ ಹಾಕುತ್ತಿದ್ದೆನೇ ಎಂದು ಎಮ್ಮೆಯನ್ನು ಕೇಳಿದೆ. ಅದು ಮೇವು ಅಗಿಯುತ್ತಿತ್ತು.

ಎರಡರಲ್ಲೇ ಹಾಕಿದರು. ಒತ್ತಿದ ಕೂಡಲೇ ಅಮ್ಮಾವರು ನನ್ನನ್ನು ಒಳಗೆ ಕರೆದು ಪಡಸಾಲೆಯಲ್ಲಿ ಕೂರಿಸಿ, ದೃಷ್ಟಿಯಾಗದಿರಲೆಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದರು. ಆಮೇಲೆ ಏನೋ ನೆನಪಾದವರಂತೆ ಸರ್ ಮೊಬೈಲಿಗೂ ಒಂದು ಸುತ್ತು ಇಳಿ ತೆಗೆದರು. ಮೂವರೂ ಕೆಮ್ಮುತ್ತ ಚಹಾ ಕುಡಿದೆವು.

ಸಂದರ್ಶನಕ್ಕೆ ಕರೆ ಬಂತು. ರೇಷ್ಮಾ ತನ್ನ ಕಂಪ್ಯೂಟರ್ ಲ್ಯಾಬಿನಲ್ಲಿ ನನ್ನನ್ನು ಕೂರಿಸಿ, ಹಿಂದಿನ ಗೋಡೆಯ ಮೇಲಿನ ಹಳೇ ಕ್ಯಾಲೆಂಡರ್ ತೆಗೆದು, ಬಾಗಿಲು ಹಾಕಿ ಹೊರಗೆ ಕಾವಲು ನಿಂತಳು. ಪರದೆಯ ಮೇಲೆ ಮೂವರು. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ, ನನಗೆ ಗೊತ್ತಿದ್ದವೇ. ಅರ್ಧ ಗಂಟೆ ಚೆನ್ನಾಗಿ ಹೋಯಿತು. ಕೊನೆಗೆ ನಡುವೆ ಕೂತಿದ್ದ ಹಿರಿಯ ಮೇಡಂ ಕಾಗದ ತಿರುವಿದರು.

"ಒಂದು ವಿಚಿತ್ರ ಕಂಡೆ. ಕಳೆದ ವರ್ಷ ನಿಮ್ಮ ಗುರುಗಳು ನಿಮ್ಮನ್ನು ಮೇಲಿನ ಇಪ್ಪತ್ತೈದರಲ್ಲಿ ಇಟ್ಟಿದ್ದರು. ಈ ವರ್ಷ ಅದೇ ಗುರುಗಳು ಮೇಲಿನ ಎರಡರಲ್ಲಿ ಇಟ್ಟಿದ್ದಾರೆ. ಒಂದು ವರ್ಷದಲ್ಲಿ ಏನಾಯಿತು?"

ಎರಡು ತಿಂಗಳ ಲೆಕ್ಕದಲ್ಲಿ, ಎರಡು ವರ್ಷದ ಯೋಚನೆಯಲ್ಲಿ, ಹಳೆಯ ಕಾಗದ ಅವರ ಹತ್ತಿರ ಉಳಿದಿರುತ್ತದೆ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಸುಳ್ಳು ಹೇಳೋಣವೆಂದರೆ ಅಷ್ಟು ಬೇಗ ಸುಳ್ಳು ಹೊಳೆಯುವ ಜಾತಿಯ ತಲೆಯಲ್ಲ ನನ್ನದು. ಇದ್ದದ್ದನ್ನು ಹೇಳಿಬಿಟ್ಟೆ. ಆಣೆವಾರಿಯಿಂದ ಶುರು ಮಾಡಿದೆ. ನಮ್ಮ ಕಡೆ ತಮ್ಮದನ್ನು ಇಳಿಸಿ ಹೇಳುತ್ತಾರೆ, ಕೇಳುವವರು ಏರಿಸಿಕೊಳ್ಳುತ್ತಾರೆ, ನನ್ನ ಗುರುಗಳು ನನ್ನನ್ನು ತಮ್ಮ ಹೊಲವೆಂದು ತಿಳಿದು ಇಳಿಸಿ ಹೇಳಿದರು ಎಂದೆ. ಮಾತಿನ ನಡುವೆ ಹುಕ್ಕೇರಿಯ ಅಜ್ಜಿಯಂದಿರೂ ಬಂದರು. ಜನ ಅಂಕಿಯನ್ನು ಹೇಗೆ ಬಗ್ಗಿಸಿ ಹೇಳುತ್ತಾರೆ ಎಂಬುದೇ ನನಗೆ ಬೇಕಾದ ವಿಷಯ, ಅದಕ್ಕೇ ಇಲ್ಲಿಗೆ ಬರಬೇಕೆಂದಿದ್ದೇನೆ ಎಂದೆ. ಮೂವರಲ್ಲಿ ಒಬ್ಬರು ನಗುತ್ತಿದ್ದರು. ಮೇಡಂ ನಗಲಿಲ್ಲ.

"ಹಾಗಾದರೆ ಎರಡರಲ್ಲಿ ಯಾವುದು ನಿಜ?" ಎಂದರು.

ನಾಲಗೆಯ ತುದಿಗೆ 'ಹಂಗೇನಿಲ್ರಿ' ಬಂದು ನಿಂತಿತ್ತು. ಮೂವತ್ತೈದು ವರ್ಷದ ಅಭ್ಯಾಸ. ಅದನ್ನು ನುಂಗಲು ನೀರು ಕುಡಿಯಬೇಕಾಯಿತು. ಕುಡಿದೆ.

"ಎರಡನೆಯದು, ಮೇಡಂ" ಎಂದೆ. ಹೇಳಿದ ಮೇಲೆ ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ ಕೂತಿದ್ದೆ.

ಹದಿನೆಂಟು ದಿನ ಬಿಟ್ಟು, ನಾನು ಎರಡನೆಯ ವರ್ಷದವರಿಗೆ ಪಾಠ ಮಾಡುತ್ತಿದ್ದಾಗ ಮೇಲ್ ಬಂತು. ಸೀಟು ಸಿಕ್ಕಿತ್ತು. ಪಾಠ ನಿಲ್ಲಿಸಿ ಮಕ್ಕಳಿಗೆ "ಇವತ್ತ ಇಷ್ಟ ಸಾಕ್ರಪಾ" ಎಂದೆ. ಹತ್ತು ವರ್ಷದಲ್ಲಿ ಹಾಗೆ ಅಂದದ್ದು ಅದೇ ಮೊದಲು. ಸರ್‌ಗೆ ಫೋನ್ ಮಾಡಿದೆ. ಅವರು "ಹೂಂ" ಎಂದು ಫೋನನ್ನು ಅಮ್ಮಾವರಿಗೆ ಕೊಟ್ಟುಬಿಟ್ಟರು. ಅವ್ವನಿಗೂ ಅಪ್ಪನಿಗೂ ಫೋನಿನಲ್ಲಿ ಹೇಳಲು ಮನಸ್ಸಾಗದೆ ಘಟಪ್ರಭಾ ಪಟ್ಟಣದ ಬಸ್ಸು ಹಿಡಿದು, ಅಲ್ಲಿಂದ ಟಂಟಂ ರಿಕ್ಷಾ ಹತ್ತಿ ಸಂಜೆಯ ಹೊತ್ತಿಗೆ ಊರು ಮುಟ್ಟಿದೆ.

ಅಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಓಣಿಯ ನಾಲ್ಕಾರು ಜನರ ಜೊತೆ ಕೂತಿದ್ದ. ಅವನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಬಾಜೂ ಮನೆಯ ಕಾಕಾ ಅರ್ಧ ಕೇಳಿಸಿಕೊಂಡಿರಬೇಕು.

"ಏನವ್ವಾ, ದೊಡ್ಡ ಸಾಲ್ಯಾಗ ಸೀಟ ಸಿಕ್ಕತಂತ?" ಎಂದ.

ಬಸ್ಸಿನಲ್ಲಿ ಇಡೀ ದಾರಿ ಯಾರಿಗಾದರೂ ಹೇಳಬೇಕೆಂದು ತವಕಿಸುತ್ತ ಬಂದವಳು ನಾನು. ಮೂರು ಜನ ದೊಡ್ಡವರ ಮುಂದೆ ಎರಡನೆಯದೇ ನಿಜ ಎಂದು ಬಂದವಳು. ಆದರೂ ನನ್ನ ಬಾಯಿಂದ ಹೊರಬಂದದ್ದು, "ಏನೋ, ಸಿಕ್ಕಂಗ ಆಗೈತ್ರಿ ಕಾಕಾ" ಎಂದು.

ಅಪ್ಪ ಕಟ್ಟೆಯಿಂದ ಕೆಳಗಿಳಿದ. ನಾನು ಹುಟ್ಟಿದಾಗಿನಿಂದ ಕೇಳದ ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ ಹೇಳಿದ.

"ಏನೋ ಅಲ್ಲ, ಸಿಕ್ಕಂಗೂ ಅಲ್ಲ. ಇಡೀ ದೇಶದ ಮಂದಿ ಹಾಕಿದ್ರು, ನನ್ನ ಮಗಳಿಗೆ ಸಿಕ್ಕೈತಿ. ಅಕಿ ಭಾಳ ಶಾಣ್ಯಾ ಅದಾಳ, ಸಣ್ಣಾಕಿ ಇದ್ದಾಗಿಂದ ಶಾಣ್ಯಾ ಅದಾಳ, ಅದಕ್ಕ ಸಿಕ್ಕೈತಿ."

ಇಂಥದ್ದಕ್ಕೆ ಎಷ್ಟು ಕೂಡಿಸಿಕೊಳ್ಳಬೇಕೆಂದು ಕಟ್ಟೆಯ ಮೇಲಿದ್ದವರಿಗೂ ಗೊತ್ತಿರಲಿಲ್ಲ. ಅಪ್ಪನ ದನಿ ಕೇಳಿ ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ನಾನು ಅವಳನ್ನು ದಾಟಿ ಒಳಗೆ ಹೋಗಿ, ಹತ್ತನೆಯ ತರಗತಿಯ ರಿಸಲ್ಟಿನ ದಿನ ಅತ್ತಿದ್ದಕ್ಕಿಂತ ಜೋರಾಗಿ ಅತ್ತೆ.